ಬೆಕ್ಕಿನ ಚೆಲ್ಲಾಟ, ಇಲಿಯ ಪ್ರಾಣಸಂಕಟ, ಸುತ್ತ ನಿಂತ ಮೂವತ್ತು ಮಕ್ಕಳು: ಪೀಡನೆಯ ಪಾಠಕ್ಕೊಂದು ಚಿತ್ರಕಲೆಯ ತರಗತಿ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಶಾಲೆಗಳಲ್ಲಿ ಈಗ ಬುಲ್ಲಿಯಿಂಗ್ ಎಂದು ಕರೆಯಲಾಗುವ ನಡವಳಿಕೆಗೆ ಇದಕ್ಕಿಂತ ಅಡಕವಾದ ವಿವರಣೆಯನ್ನು ನಾನು ಕಂಡಿಲ್ಲ. ವಿಚಿತ್ರವೆಂದರೆ, ಇಷ್ಟು ನಿಖರವಾದ ಗಾದೆಯುಳ್ಳ ನಮ್ಮ ಭಾಷೆಯಲ್ಲಿ ಆ ನಡವಳಿಕೆಗೆ ಎಲ್ಲರೂ ಒಪ್ಪಿದ ಒಂದು ಹೆಸರಿಲ್ಲ. ರೇಗಿಸುವುದು, ಕಾಡಿಸುವುದು, ಕೀಟಲೆ ಮಾಡುವುದು, ಗೋಳು ಹೊಯ್ದುಕೊಳ್ಳುವುದು ಎಂಬ ಮಾತುಗಳಿವೆಯಾದರೂ ಅವನ್ನು ನಾವು ಅಕ್ಕರೆಗೂ ಬಳಸುತ್ತೇವೆ. ರಜೆಗೆ ಬಂದ ಸೋದರಮಾವ ಅಕ್ಕನ ಮಗಳನ್ನು ಗೋಳು ಹೊಯ್ದುಕೊಳ್ಳುತ್ತಾನೆ; ಐದನೆಯ ತರಗತಿಯ ಮೂವರು ಹುಡುಗರು ಉಗ್ಗುವ ಸಹಪಾಠಿಯೊಬ್ಬನನ್ನು ದಿನವೂ ಅಣಕಿಸಿ ಗೋಳು ಹೊಯ್ದುಕೊಳ್ಳುತ್ತಾರೆ. ಎರಡಕ್ಕೂ ಒಂದೇ ಮಾತು ಇರುವಾಗ, ಆ ಉಗ್ಗುವ ಹುಡುಗ ದೂರು ಹೇಳಿದರೆ “ತಮಾಷೆಗೆ ಅಂದಿರ್ತಾರೆ, ಬಿಡು” ಎಂಬ ಉತ್ತರ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಈ ಲೇಖನದಲ್ಲಿ ನಾನು ಪೀಡನೆ ಎಂಬ ಪದವನ್ನು ಬಳಸುತ್ತೇನೆ. ತರಗತಿಯಲ್ಲಿ ಮಾತ್ರ ಮಕ್ಕಳ ಬಾಯಲ್ಲಿರುವ ಮಾತನ್ನೇ ಬಳಸಬೇಕು.

1970ರ ದಶಕದಲ್ಲಿ ಸ್ವೀಡನ್ನಿನ ಶಾಲೆಗಳಲ್ಲಿ ಈ ವಿಷಯದ ಅಧ್ಯಯನವನ್ನು ಆರಂಭಿಸಿ, ಮುಂದೆ ನಾರ್ವೆಯಲ್ಲಿ ಅದನ್ನು ಬೆಳೆಸಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಪೀಡನೆಗೆ ಮೂರು ಗುರುತುಗಳನ್ನು ಹೇಳಿದರು: ಬೇಕೆಂದೇ ನೋಯಿಸುವುದು, ಅದು ಮತ್ತೆ ಮತ್ತೆ ನಡೆಯುವುದು, ಇಬ್ಬರ ನಡುವೆ ಬಲದ ಅಂತರವಿರುವುದು. ಸಮಬಲರಾದ ಇಬ್ಬರು ಹುಡುಗರು ಗೋಲಿಗಾಗಿ ಒಂದು ದಿನ ಹೊಡೆದಾಡಿಕೊಂಡರೆ ಅದು ಜಗಳ. ಅವರನ್ನು ಬಿಡಿಸಿದರೆ ಸಾಕು, ಸಂಜೆಗೆ ಟೂ ಹೋಗಿ ರಾಜಿಯಾಗಿರುತ್ತದೆ. ಪೀಡನೆ ಹಾಗೆ ಮುಗಿಯುವುದಿಲ್ಲ.

ಗಾದೆಯಲ್ಲಿ ಒಂದು ಕೊರತೆಯಿದೆ. ಅಲ್ಲಿರುವುದು ಬೆಕ್ಕು ಮತ್ತು ಇಲಿ ಮಾತ್ರ. ತರಗತಿಯಲ್ಲಿ ಅವರಿಬ್ಬರ ಸುತ್ತ ಇನ್ನೂ ಮೂವತ್ತು ಮಕ್ಕಳು ನಿಂತಿರುತ್ತಾರೆ. ಕೆನಡಾದ ಟೊರಾಂಟೊ ನಗರದ ಶಾಲೆಗಳ ಆಟದ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಮೈಕುಗಳ ಮೂಲಕ ಸಂಶೋಧಕರು ದಾಖಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಪೀಡನೆಯ ನೂರು ಪ್ರಸಂಗಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಹತ್ತಿರದಲ್ಲೇ ಇದ್ದರು, ಆದರೆ 19ರಲ್ಲಿ ಮಾತ್ರ ಯಾರಾದರೂ ಅಡ್ಡ ಬಂದರು. ಹಾಗೆ ಅಡ್ಡ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಪೀಡನೆ ಹತ್ತು ಸೆಕೆಂಡುಗಳೊಳಗೆ ನಿಂತುಹೋಯಿತು. ಹೀಗಾಗಿ ನನ್ನ ಮಟ್ಟಿಗೆ ಈ ಪಾಠ ಮುಖ್ಯವಾಗಿ ಬೆಕ್ಕಿಗೂ ಅಲ್ಲ, ಇಲಿಗೂ ಅಲ್ಲ, ನೋಡುತ್ತ ನಿಂತವರಿಗೆ. ಮುಂದೆ ಹೇಳುವ ಚಟುವಟಿಕೆಗಳೆಲ್ಲ ಅವರನ್ನು ಉದ್ದೇಶಿಸಿದವು. ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳಿಗೆ, ವಾರಕ್ಕೊಂದು ನಲವತ್ತು ನಿಮಿಷದ ಅವಧಿಯಂತೆ, ಸುಮಾರು ಆರೇಳು ವಾರಗಳಿಗೆ ಇವನ್ನು ಹೊಂದಿಸಬಹುದು.

ಆರಂಭಿಸುವ ಮುನ್ನ

ಬಣ್ಣದ ಪೆಟ್ಟಿಗೆ ತೆರೆಯುವುದಕ್ಕಿಂತ ಮೊದಲು ಮುಖ್ಯಶಿಕ್ಷಕರೊಂದಿಗೆ ಕುಳಿತು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಮಗುವೊಂದು ತನಗೆ ಆಗುತ್ತಿರುವುದನ್ನು ಈ ಅವಧಿಯಲ್ಲಿ ಹೇಳಿಬಿಟ್ಟರೆ ಮುಂದೇನು, ಯಾರು, ಎಷ್ಟು ದಿನದೊಳಗೆ? ಉತ್ತರವಿಲ್ಲದೆ ಆರಂಭಿಸಿದರೆ ಮಗು ಬಾಯಿಬಿಟ್ಟೂ ಪ್ರಯೋಜನವಿಲ್ಲ ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಇದರ ಜೊತೆಗೆ ಇನ್ನೊಂದು ಅಹಿತವಾದ ಮಾತನ್ನೂ ಸಿಬ್ಬಂದಿ ಕೊಠಡಿಯಲ್ಲಿ ಆಡಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೂ ತರಗತಿಯಲ್ಲಿ ಒಂದು ಮಗುವಿಗೆ ಅಂಟಿಕೊಂಡ ಅಡ್ಡಹೆಸರಿನ ಮೂಲವನ್ನು ಹುಡುಕುತ್ತ ಹೋದರೆ ಎಷ್ಟೋ ಸಲ ಅದು ಯಾವುದೋ ಮೇಷ್ಟ್ರು ನಗೆಯಾಡುತ್ತ ಅಂದ ಮಾತಿಗೇ ತಲುಪುತ್ತದೆ. ಮೇಷ್ಟ್ರು ಮರೆತಿರುತ್ತಾರೆ, ಮಕ್ಕಳು ಮರೆತಿರುವುದಿಲ್ಲ.

ಸಾಮಗ್ರಿಗೆ ಖರ್ಚು ಬೇಕಿಲ್ಲ. ಡ್ರಾಯಿಂಗ್ ಹಾಳೆ, ಕ್ರೇಯಾನ್, ಮೈದಾ ಅಂಟು, ತೆಂಗಿನ ಗರಿಯ ಕಡ್ಡಿ, ಹಳೆಯ ಬಿಳಿ ಪಂಚೆ, ಹಾಗೂ ಪ್ರತಿ ಮನೆಯಲ್ಲೂ ಕಪಾಟಿನ ಮೇಲೆ ಬಿದ್ದಿರುವ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳು ಸಾಕು. ಗೊಂಬೆ ಕತ್ತರಿಸಲು ಲಗ್ನಪತ್ರಿಕೆಯಷ್ಟು ಹದವಾದ ರಟ್ಟು ಅಂಗಡಿಯಲ್ಲೂ ಸಿಗುವುದಿಲ್ಲ.

ಮೊದಲ ದಿನವೇ ಮೂರು ಕಟ್ಟಳೆಗಳನ್ನು ಹಲಗೆಯ ಮೇಲೆ ಬರೆದು ಓದಿಸಿ. ಚಿತ್ರದಲ್ಲಾಗಲಿ ಮಾತಿನಲ್ಲಾಗಲಿ ನಮ್ಮ ಶಾಲೆಯ ಯಾರ ಹೆಸರೂ ಬರಬಾರದು. ಯಾರೂ ತಮ್ಮ ಚಿತ್ರವನ್ನು ತೋರಿಸಲೇಬೇಕೆಂಬ ಒತ್ತಾಯವಿಲ್ಲ. ಬರೆದವರನ್ನು ಕೇಳದೆ ಯಾವ ಚಿತ್ರವೂ ಗೋಡೆಗೆ ಹೋಗುವುದಿಲ್ಲ.

ಈ ಕಟ್ಟಳೆಗಳು ನನಗೆ ಹೊಳೆದದ್ದು ತಪ್ಪು ಮಾಡಿದ ಮೇಲೆ. ಮೊದಲ ವರ್ಷ ನಾನು ಉತ್ಸಾಹದಿಂದ “ನಿಮಗೆ ತೊಂದರೆ ಕೊಡುವವರ ಚಿತ್ರ ಬರೆಯಿರಿ” ಎಂದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಹಸಿರು ಸ್ವೆಟರ್ ತೊಟ್ಟ ಹುಡುಗನನ್ನು ಬರೆದಳು. ಮುಖದಲ್ಲಿ ಹೋಲಿಕೆ ಇರಲಿಲ್ಲ, ಆದರೆ ಸ್ವೆಟರಿನ ಮೊಣಕೈಯಲ್ಲಿ ಕಪ್ಪು ನೂಲಿನ ತೇಪೆಯಿತ್ತು. ತರಗತಿಯಲ್ಲಿ ಅಂಥ ಸ್ವೆಟರ್ ಇದ್ದದ್ದು ಒಬ್ಬನಿಗೇ. ಗಂಟೆ ಹೊಡೆಯುವಷ್ಟರಲ್ಲಿ ಇಡೀ ತರಗತಿಗೆ ತಿಳಿದಿತ್ತು. ಆ ಹುಡುಗ ಆ ದಿನ ಏನೂ ಅನ್ನಲಿಲ್ಲ. ಮುಂದಿನ ವಾರ ಆ ಹುಡುಗಿ ಹೊಟ್ಟೆನೋವೆಂದು ನನ್ನ ಅವಧಿಗೆ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಕಲೆ ಈ ಪಾಠಕ್ಕೆ ಒದಗುವುದು ಅದು ನಿಜವನ್ನು ಒಂದಿಷ್ಟು ದೂರದಲ್ಲಿ, ಬೇರೆ ಯಾರದೋ ಮೇಲಿಟ್ಟು ತೋರಿಸಬಲ್ಲದು ಎಂಬ ಕಾರಣಕ್ಕೆ. ಆ ದೂರವನ್ನೇ ನಾನು ಅಳಿಸಿಹಾಕಿದ್ದೆ.

ಮೊದಲ ವಾರ: ಶಾಲೆಯ ನಕ್ಷೆ

ಶಾಲೆಯ ಸರಳ ನಕ್ಷೆಯೊಂದನ್ನು ನೀವೇ ಬರೆದು ಪ್ರತಿ ಮಗುವಿಗೂ ಒಂದು ಪ್ರತಿ ಕೊಡಿ. ಕೊಠಡಿಗಳು, ಗೇಟು, ಮೈದಾನ, ಬಿಸಿಯೂಟದ ಅಡುಗೆಮನೆ, ಕೈತೊಳೆಯುವ ನಲ್ಲಿಗಳು, ಶೌಚಾಲಯ, ಬಾವಿ ಅಥವಾ ಬೋರ್‌ವೆಲ್, ಶಾಲೆಯ ಹಿಂದಿನ ಗೋಡೆ, ಹೊರಗಿನ ಬಸ್ ನಿಲ್ದಾಣ ಇವೆಲ್ಲವೂ ಅದರಲ್ಲಿರಲಿ. ಹಾಯಾಗಿ ಅನ್ನಿಸುವ ಜಾಗಕ್ಕೆ ಹಸಿರು, ಒಬ್ಬರೇ ಹೋಗಲು ಹಿಂಜರಿಯುವ ಜಾಗಕ್ಕೆ ಕೆಂಪು, ಏನೂ ಅನ್ನಿಸದಿದ್ದರೆ ಬಣ್ಣವೇ ಬೇಡ ಎಂದು ಹೇಳಿ. ಕಾರಣವನ್ನು ಕೇಳಬೇಡಿ, ಹಾಳೆಯ ಮೇಲೆ ಹೆಸರು ಬರೆಸಬೇಡಿ. ಪಕ್ಕದವರದನ್ನು ನೋಡಿ ಬಣ್ಣ ಹಚ್ಚುವ ಅಭ್ಯಾಸ ಮಕ್ಕಳಿಗಿರುವುದರಿಂದ ಅವರನ್ನು ದೂರ ದೂರ ಕೂರಿಸುವುದು ಲೇಸು.

ಸಂಜೆ ಆ ಹಾಳೆಗಳನ್ನೆಲ್ಲ ಕಿಟಕಿಯ ಗಾಜಿಗೆ ಎರಡು ಮೂರರಂತೆ ಒತ್ತಿ ನೋಡಿ, ಅಥವಾ ಒಂದು ದೊಡ್ಡ ನಕ್ಷೆಯ ಮೇಲೆ ಪ್ರತಿ ಕೆಂಪಿಗೊಂದು ಚುಕ್ಕೆ ಇಡುತ್ತ ಬನ್ನಿ. ಕತ್ತಲೆಯ ಶೌಚಾಲಯಕ್ಕೆ ಕೆಂಪು ಬೀಳುತ್ತದೆ ಎಂದು ನಾನು ಊಹಿಸಿದ್ದೆ. ಚುಕ್ಕೆಗಳು ಗುಂಪುಗಟ್ಟಿದ್ದು ಎಲ್ಲರ ಕಣ್ಣೆದುರಿಗೇ ಇರುವ ನಲ್ಲಿಗಳ ಸಾಲಿನ ಬಳಿ. ಊಟ ಮುಗಿಸಿ ಎಲ್ಲರೂ ಒಟ್ಟಿಗೆ ತಟ್ಟೆ ತೊಳೆಯಲು ನುಗ್ಗುವ ಹತ್ತು ನಿಮಿಷಗಳಲ್ಲಿ ಶಿಕ್ಷಕರೆಲ್ಲ ಊಟಕ್ಕೆ ಕುಳಿತಿರುತ್ತಿದ್ದರು; ಚಿಕ್ಕವರ ತಟ್ಟೆಗೆ ಎಂಜಲು ನೀರು ಚಿಮ್ಮಿಸುವುದು, ಕೆಲವರನ್ನು ಕೊನೆಯ ನಲ್ಲಿಗೇ ಅಟ್ಟುವುದು ಎಲ್ಲವೂ ಆಗ ನಡೆಯುತ್ತಿತ್ತು. “ಕೊನೆಯ ನಲ್ಲಿ” ಯಾವ ಮಕ್ಕಳದು, ಏಕೆ ಎಂಬುದನ್ನು ವಿಚಾರಿಸಿದಾಗ ಜಾತಿಯ ವಾಸನೆ ಮೂಗಿಗೆ ಬಡಿಯಿತು. ಅದನ್ನು ಚಿತ್ರಕಲೆಯ ಅವಧಿಯಲ್ಲಿ ಬಗೆಹರಿಸಲು ಹೊರಡಬಾರದು. ಅದು ಮುಖ್ಯಶಿಕ್ಷಕರು, ಶಾಲಾಭಿವೃದ್ಧಿ ಸಮಿತಿ ಅದೇ ದಿನ ಕೈಗೆತ್ತಿಕೊಳ್ಳಬೇಕಾದ ವಿಷಯ. ನಕ್ಷೆಯ ಕೆಲಸ ಅದನ್ನು ಕಣ್ಣಿಗೆ ಕಾಣಿಸುವುದಷ್ಟೇ.

ಮುಂದಿನ ವಾರದೊಳಗೆ ನಕ್ಷೆಯಿಂದಾಗಿ ಒಂದಾದರೂ ಬದಲಾವಣೆ ಆಗಲೇಬೇಕು. ನಮ್ಮಲ್ಲಿ ಊಟದ ನಂತರ ನಲ್ಲಿಗಳ ಬಳಿ ಸರದಿಯಂತೆ ಒಬ್ಬ ಶಿಕ್ಷಕರು ನಿಲ್ಲುವ ವ್ಯವಸ್ಥೆ ಆಯಿತು. ಮಕ್ಕಳು ಇದನ್ನು ಬಾಯಿಬಿಟ್ಟು ಹೊಗಳುವುದಿಲ್ಲ, ಆದರೆ ಗಮನಿಸುತ್ತಾರೆ. ಮುಂದಿನ ವಾರಗಳಲ್ಲಿ ಅವರು ಎಷ್ಟು ಪ್ರಾಮಾಣಿಕವಾಗಿ ಚಿತ್ರ ಬರೆಯುತ್ತಾರೆ ಎಂಬುದು ಇದನ್ನೇ ಅವಲಂಬಿಸಿದೆ. ಶಾಲೆಯ ಹೊರಗಿನ ದಾರಿಗೆ ಕೆಂಪು ಬಿದ್ದಿದ್ದರೆ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ಆ ದೊಡ್ಡ ನಕ್ಷೆಯನ್ನೇ ಒಯ್ಯಬಹುದು.

ಎರಡನೆಯ ವಾರ: ಹೆಸರಿನ ಚಿತ್ತಾರ

ಪೀಡನೆಯ ಅತ್ಯಂತ ಅಗ್ಗದ ಆಯುಧ ಅಡ್ಡಹೆಸರು. ಮೈಬಣ್ಣ, ದಪ್ಪ, ಕನ್ನಡಕ, ಅಪ್ಪನ ಕಸುಬು, ಆಡುವ ಮಾತು, ಯಾವುದರಿಂದಲೂ ಅದನ್ನು ತಯಾರಿಸಬಹುದು. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರ ಮಕ್ಕಳು ತಮ್ಮ ಊರಿನ ಕನ್ನಡಕ್ಕಾಗಿಯೇ ತರಗತಿಯಲ್ಲಿ ನಗೆಗೀಡಾಗುವುದನ್ನು ನಗರದ ಶಿಕ್ಷಕರು ಬಲ್ಲರು. ಕನ್ನಡ ಶಾಲೆಯೊಳಗೆ ಕನ್ನಡಕ್ಕೇ ನಗುವುದು ಸೋಜಿಗದ ಸಂಗತಿಯಾದರೂ ನಡೆಯುತ್ತದೆ.

ಪ್ರತಿ ಮಗು ಹಾಳೆಯ ನಡುವೆ ತನ್ನನ್ನು ಹೇಗೆ ಕರೆದರೆ ಇಷ್ಟವೋ ಆ ಹೆಸರನ್ನು ದೊಡ್ಡದಾಗಿ ಬರೆಯಲಿ. ಸುತ್ತ ಅಂಚು ಬಿಡಿಸಲು ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಗೆರೆಗಳು ಚೆನ್ನಾಗಿ ಒಗ್ಗುತ್ತವೆ: ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಕು ಮಾಡಿದ ಅಕ್ಕಿಯ ಕಪ್ಪು. ಅವರು ಪುಂಡಿನಾರನ್ನು ಕುಂಚವಾಗಿ ಬಳಸುತ್ತಾರೆ; ಮಕ್ಕಳು ತೆಂಗಿನ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ ಅಂಥದೇ ಕುಂಚ ಮಾಡಿಕೊಳ್ಳಬಹುದು. ಒಂದರ ಪಕ್ಕ ಒಂದು ನೇರಗೆರೆ ಎಳೆಯುವ ಈ ಕೆಲಸ ನಿಧಾನದ್ದು, ಕೈ ಬಿಗಿ ಹಿಡಿಯದೆ ನಡೆಯುವುದಿಲ್ಲ, ಅವಧಿ ಮುಗಿದದ್ದೇ ತಿಳಿಯುವುದಿಲ್ಲ. ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಹಾಳೆ ಹಿಡಿದು ಹೆಸರು ಹೇಳುತ್ತಾರೆ, ಉಳಿದವರು ಅದೇ ಹೆಸರಿನಿಂದ ಒಮ್ಮೆ ಕರೆಯುತ್ತಾರೆ, ಅಷ್ಟೇ. ಅಡ್ಡಹೆಸರುಗಳ ಬಗ್ಗೆ ಉಪನ್ಯಾಸ ಬೇಡ. “ಯಾರಿಗೆ ಯಾವ ಅಡ್ಡಹೆಸರಿದೆ?” ಎಂದು ಕೇಳಿದಿರೋ, ಮರೆತುಹೋಗಿದ್ದ ನಾಲ್ಕು ಹೆಸರುಗಳನ್ನು ನೀವೇ ಬದುಕಿಸಿದಂತೆ.

ಮೂರು, ನಾಲ್ಕನೆಯ ವಾರ: ನಾಲ್ಕು ಚೌಕದ ಕಥೆ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಈ ಚಟುವಟಿಕೆ. ಹಾಳೆಯನ್ನು ನಾಲ್ಕು ಮಡಿಸಿ ನಾಲ್ಕು ಚೌಕ ಮಾಡಿ. ಮೂರು ಚೌಕಗಳ ಕಥೆಯನ್ನು ನೀವು ಕೊಡಿ, ನಾಲ್ಕನೆಯದು ಖಾಲಿ. ಪಾತ್ರಗಳು ಮನುಷ್ಯರಾಗದೆ ಪ್ರಾಣಿಗಳಾಗಿದ್ದರೆ ಒಳ್ಳೆಯದು, ಏಕೆಂದರೆ ಆಮೆಯ ಮೇಲೆ ನಗುವ ಮಗುವಿಗೆ ತಾನು ಯಾರ ಮೇಲೆ ನಗುತ್ತಿದ್ದೇನೆ ಎಂಬುದನ್ನು ಒಪ್ಪಿಕೊಳ್ಳುವ ಕಷ್ಟ ಇರುವುದಿಲ್ಲ. ನಾನು ಬಳಸುವ ಕಥೆ ಹೀಗಿದೆ. ಮೊದಲ ಚೌಕದಲ್ಲಿ ಮಂಗ ಆಮೆಯ ಚೀಲವನ್ನು ಕಿತ್ತು ಮರದ ಮೇಲಿನ ಕೊಂಬೆಗೆ ನೇತುಹಾಕುತ್ತದೆ. ಎರಡನೆಯದರಲ್ಲಿ ಆಮೆ ಕೆಳಗೆ ನಿಂತು ಮೇಲೆ ನೋಡುತ್ತದೆ. ಅಳಿಲು, ಮೇಕೆ, ಕಾಗೆ, ನಾಯಿ ಸುತ್ತ ನಿಂತಿವೆ. ಮೂರನೆಯದರಲ್ಲಿ ಮಂಗ “ನಾಳೆಯೂ ತಗೊಂಡ್ ಬಾ” ಎನ್ನುತ್ತದೆ.

ಈ ಮೂರನ್ನು ಬರೆಯಲು ಒಂದು ಅವಧಿ ಬಿಡಿ. ಎರಡನೆಯ ಚೌಕ ಬರೆಯುವಾಗ ಸುತ್ತ ನಿಂತ ಪ್ರತಿ ಪ್ರಾಣಿಯ ಮುಖದಲ್ಲಿ ಏನಿದೆ, ಅದರ ಮನಸ್ಸಿನ ಗುಳ್ಳೆಯಲ್ಲಿ ಯಾವ ಮಾತಿದೆ ಎಂಬುದನ್ನು ಬರೆಯಲೇಬೇಕೆಂದು ಹೇಳಿ. ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟೀನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ, ಪೀಡನೆಯ ಸುತ್ತ ನಿಂತವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ತೋರಿಸಿತು. ಆ ದೇಶದ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಕಿವಾ ಎಂಬ ಪೀಡನೆ ತಡೆಯುವ ಕಾರ್ಯಕ್ರಮ ಬೆಳೆದದ್ದು ಈ ತಿಳಿವಿನ ಮೇಲೆಯೇ. ಸುತ್ತ ನಿಂತವರ ಆ ಬೇರೆ ಬೇರೆ ಬಗೆಗಳಿಗೆ ನಮ್ಮ ಮಕ್ಕಳು ಇಟ್ಟುಕೊಂಡ ಹೆಸರುಗಳು ನನಗೆ ಹೆಚ್ಚು ಇಷ್ಟ: ಬಾಲ ಹಿಡಿಯುವವನು, ಹಲ್ಲು ಕಿರಿಯುವವನು, ಕಂಡೂ ಕಾಣದವನು, ಜೊತೆ ನಿಲ್ಲುವವನು. ಯಾವ ಪ್ರಾಣಿ ಯಾವುದು ಎಂದು ಅವರವರೇ ತೀರ್ಮಾನಿಸಲಿ.

ಎರಡನೆಯ ಅವಧಿ ನಾಲ್ಕನೆಯ ಚೌಕಕ್ಕೆ. ಮಂಗ ತಾನಾಗಿ ಒಳ್ಳೆಯದಾಗುವಂತಿಲ್ಲ, ಹುಲಿ ಬಂದು ಮಂಗವನ್ನು ತಿನ್ನುವಂತಿಲ್ಲ, ಇವೆರಡೇ ನಿರ್ಬಂಧ. ಈ ನಿರ್ಬಂಧ ಇಲ್ಲದಿದ್ದರೆ ಅರ್ಧ ತರಗತಿ ಹುಲಿಯನ್ನೇ ಬರೆಯುತ್ತದೆ; ನಮ್ಮ ಸಿನಿಮಾಗಳು ಕಲಿಸಿರುವುದೂ ಅದನ್ನೇ. ನಿರ್ಬಂಧದ ಮೇಲೆ ಬರುವ ಚಿತ್ರಗಳನ್ನು ನೋಡಬೇಕು. ಒಬ್ಬ ಹುಡುಗ ಕಾಗೆ ಚೀಲವನ್ನು ಕಚ್ಚಿ ತಂದದ್ದನ್ನು ಬರೆದ. ಇನ್ನೊಬ್ಬಳು ಅಳಿಲು ನಗುವುದನ್ನು ನಿಲ್ಲಿಸಿದ್ದನ್ನು ಮಾತ್ರ ಬರೆದಳು, ಬೇರೇನೂ ಬದಲಾಗಿರಲಿಲ್ಲ. ಸದಾ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಬರೆದ ಚಿತ್ರದಲ್ಲಿ ಮಂಗ, ಚೀಲ, ಮರ ಎಲ್ಲ ಹಾಗೇ ಇದ್ದವು. ಮೇಕೆ ಮಾತ್ರ ಆಮೆಯ ಪಕ್ಕ ಬಂದು ನಿಂತು, ಅದೂ ಮೇಲೆ ನೋಡುತ್ತಿತ್ತು. “ಇದರಿಂದ ಚೀಲ ಸಿಗಲಿಲ್ಲವಲ್ಲ?” ಎಂದು ಕೇಳಿದೆ. “ಸಿಗಲ್ಲ ಸರ್. ಆದ್ರೆ ಇಬ್ರಿದಾರೆ” ಎಂದ.

ಚಿತ್ರಗಳಿಗೆ ಸರಿ, ತಪ್ಪು ಹಾಕಬೇಡಿ. ಪ್ರತಿ ನಾಲ್ಕನೆಯ ಚೌಕದ ಬಗ್ಗೆಯೂ ಎರಡೇ ಪ್ರಶ್ನೆ ಕೇಳಿ: ಹೀಗೆ ಮಾಡಿದರೆ ನಾಳೆ ಏನಾಗುತ್ತದೆ? ಇದನ್ನು ಮಾಡಲು ಮೇಕೆಗೆ ಭಯವಾಗುವುದಿಲ್ಲವೆ? ಭಯವಾಗುತ್ತದೆ ಎಂದೇ ಮಕ್ಕಳು ಹೇಳುತ್ತಾರೆ, ಅದು ಸರಿಯಾದ ಉತ್ತರ. ಎಲ್ಲರೂ ಮಂಗನ ಎದುರು ನಿಲ್ಲಬೇಕೆಂದು ಹೇಳುವುದು ಚಿಕ್ಕ ಮಕ್ಕಳ ಮೇಲೆ ಹೊರಲಾರದ ಭಾರ ಹೇರಿದಂತೆ. ನಗದಿರುವುದು, ಪಕ್ಕದಲ್ಲಿ ನಿಲ್ಲುವುದು, ಆಮೇಲೆ ಹೋಗಿ ಮಾತಾಡಿಸುವುದು, ದೊಡ್ಡವರಿಗೆ ಹೇಳುವುದು ಇವೂ ಲೆಕ್ಕಕ್ಕೆ ಬರುತ್ತವೆ.

ದೊಡ್ಡವರಿಗೆ ಹೇಳುವ ಮಾತು ಬಂದೊಡನೆ ಯಾರಾದರೂ ಒಬ್ಬರು “ಅದು ಚಾಡಿ” ಎನ್ನುತ್ತಾರೆ. ಕಾಯುತ್ತಿರಿ, ಈ ಅಡ್ಡಿಯನ್ನು ದಾಟದೆ ಮುಂದೆ ಹೋಗಲಾಗದು. ಹಲಗೆಯ ಮೇಲೆ ಎರಡು ಚಿತ್ರ ಬರೆಯಿರಿ: ಒಂದರಲ್ಲಿ ಮಗು ಬೆರಳು ತೋರಿಸುತ್ತಿದೆ, ಇನ್ನೊಂದರಲ್ಲಿ ಮಗು ಇನ್ನೊಂದು ಮಗುವಿನ ಕೈ ಹಿಡಿದು ಶಿಕ್ಷಕರ ಬಳಿ ತಂದಿದೆ. ಒಬ್ಬರನ್ನು ಸಿಕ್ಕಿಸಲು ಹೇಳುವುದು ಚಾಡಿ, ಒಬ್ಬರನ್ನು ಬಿಡಿಸಲು ಹೇಳುವುದು ಚಾಡಿಯಲ್ಲ. ಬೆರಳಿಗೂ ಕೈಗೂ ಇರುವ ಈ ವ್ಯತ್ಯಾಸವನ್ನು ಹತ್ತು ವರ್ಷದವರು ತಟ್ಟನೆ ಹಿಡಿಯುತ್ತಾರೆ.

ಐದು, ಆರನೆಯ ವಾರ: ಪರದೆಯ ಹಿಂದೆ, ಪರದೆಯ ಮುಂದೆ

ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಹದಮಾಡಿದ ತೊಗಲಿಗೆ ಬಣ್ಣ ಹಚ್ಚಿ, ಹಿಂದಿನಿಂದ ಬೆಳಕು ಬಿಟ್ಟು, ಬಿಳಿಯ ಪರದೆಯ ಮೇಲೆ ಬಣ್ಣದ ನೆರಳುಗಳನ್ನು ಕುಣಿಸುತ್ತಾರೆ. ಆಡಿಸುವವರು ಪ್ರೇಕ್ಷಕರಿಗೆ ಕಾಣುವುದಿಲ್ಲ. ನಮ್ಮ ಪಾಠಕ್ಕೆ ಇದೇ ಬೇಕಾದದ್ದು. ಸಂಕೋಚದ ಮಗು ಪರದೆಯ ಹಿಂದೆ ಕುಳಿತಾಗ ಆಡುವ ಮಾತುಗಳನ್ನು ಕೇಳಿ ತರಗತಿ ಶಿಕ್ಷಕರೇ ಬೆರಗಾದದ್ದುಂಟು.

ಲಗ್ನಪತ್ರಿಕೆಯ ರಟ್ಟಿನಿಂದ ಹಿಂದಿನ ಕಥೆಯ ಪ್ರಾಣಿಗಳನ್ನು ಕತ್ತರಿಸಿ. ಕಣ್ಣು, ಅಲಂಕಾರ ಇರುವಲ್ಲಿ ರಂಧ್ರ ಕೊರೆದು ಬಣ್ಣದ ಗಾಜುಕಾಗದ ಅಂಟಿಸಿ, ಹಿಂದೆ ತೆಂಗಿನ ಕಡ್ಡಿ ಕಟ್ಟಿ. ಕಿಟಕಿಗಳನ್ನು ಮುಚ್ಚಿ ಎರಡು ಮೇಜುಗಳ ನಡುವೆ ಪಂಚೆ ಬಿಗಿದು, ಹಿಂದೆ ಮೊಬೈಲಿನ ಟಾರ್ಚ್ ಇಟ್ಟರೆ ಆಯಿತು. ಟಾರ್ಚಿಗೆ ಹತ್ತಿರ ತಂದ ಗೊಂಬೆಯ ನೆರಳು ದೊಡ್ಡದಾಗುತ್ತದೆ, ಪರದೆಗೆ ಒತ್ತಿದರೆ ಚಿಕ್ಕದಾಗುತ್ತದೆ. ಬಲದ ಅಂತರ ಎಂಬ ಮಾತನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕಿಲ್ಲ. ಒಮ್ಮೆ ಒಂದು ತಂಡದ ಹುಡುಗಿಯರು ಮಂಗನನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ, ಸುತ್ತಲಿನ ಪ್ರಾಣಿಗಳು ಒಂದೊಂದೇ ನಗು ನಿಲ್ಲಿಸಿದಂತೆ ಅದನ್ನು ಮೆಲ್ಲಮೆಲ್ಲನೆ ಪರದೆಯತ್ತ ಸರಿಸುತ್ತ ಕೊನೆಗೆ ಅಂಗೈಯಷ್ಟಕ್ಕೆ ಇಳಿಸಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆರು, ಏಳನೆಯ ತರಗತಿಯವರಾದರೆ ಮುಂದಿನ ವಾರ ಪರದೆಯ ಮುಂದೆ ಬರಬಹುದು. ಬ್ರೆಜಿಲ್ ದೇಶದ ರಂಗಕರ್ಮಿ ಆಗಸ್ಟೊ ಬೊಆಲ್ ರೂಪಿಸಿದ ವೇದಿಕೆ ರಂಗಭೂಮಿಯಲ್ಲಿ ಪ್ರೇಕ್ಷಕರು ನಾಟಕವನ್ನು ನಿಲ್ಲಿಸಿ, ತಾವೇ ಪಾತ್ರದ ಜಾಗಕ್ಕೆ ಬಂದು ಕಥೆಯನ್ನು ತಿರುಗಿಸಲು ಪ್ರಯತ್ನಿಸುತ್ತಾರೆ. ಎರಡು ನಿಮಿಷದ ದೃಶ್ಯ ಸಾಕು. ಒಮ್ಮೆ ಪೂರ್ತಿ ಆಡಿಸಿ, ಎರಡನೆಯ ಸಲ ಆಡುವಾಗ ಯಾರಾದರೂ “ನಿಲ್ಲಿ” ಎಂದು ಕೂಗಿದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಕೂಗಿದವರು ಸುತ್ತ ನಿಂತವರಲ್ಲಿ ಒಬ್ಬರ ಜಾಗಕ್ಕೆ ಬಂದು ಬೇರೆ ರೀತಿ ನಡೆದು ತೋರಿಸಬೇಕು.

ಇಲ್ಲಿ ಎಚ್ಚರ ಬೇಕಾದ ಜಾಗಗಳು ಹಲವು. ನಿಜವಾಗಿ ಪೀಡನೆಗೆ ಒಳಗಾಗುತ್ತಿರುವ ಮಗುವಿಗೆ ಆ ಪಾತ್ರವನ್ನು ಎಂದೂ ಕೊಡಬೇಡಿ. ಪೀಡಿಸುವವನಿಗೆ ಪೀಡಕನ ಪಾತ್ರವನ್ನೂ ಕೊಡಬೇಡಿ, ಅವನಿಗೆ ಅದು ಚಪ್ಪಾಳೆ ಸಿಗುವ ಅಭ್ಯಾಸವಾಗುತ್ತದೆ. “ಪಾತ್ರ ಬದಲಿಸಿದರೆ ನೋವು ತಿಳಿಯುತ್ತದೆ” ಎಂದು ಅವನನ್ನು ಎಲ್ಲರೆದುರು ಇಲಿಯಾಗಿಸುವುದೂ ಶಿಕ್ಷೆಯೇ, ಪಾಠವಲ್ಲ. ಪೀಡಕನ ಪಾತ್ರವನ್ನು ಶಿಕ್ಷಕರೇ ವಹಿಸಿಕೊಳ್ಳುವುದು ಉತ್ತಮ. ಮಕ್ಕಳಿಗೆ ಖುಷಿಯೂ ಹೌದು. ಹೊಡೆದಾಟ ಗಾಳಿಯಲ್ಲೇ ಇರಲಿ. ಮುಗಿದ ಮೇಲೆ ಪಾತ್ರ ಕಳಚುವ ಕ್ರಮವೊಂದಿರಬೇಕು: ಎಲ್ಲರೂ ಕೈ ಕೊಡವಿ, ತಮ್ಮ ಹೆಸರು ಹೇಳಿ, ಇವತ್ತು ಊಟಕ್ಕೆ ಏನಿತ್ತು ಎಂದು ಹೇಳಿ ಕೂರಲಿ. ಇದನ್ನು ಬಿಟ್ಟರೆ ನಾಟಕದ ಬೈಗುಳ ಮೈದಾನಕ್ಕೆ ಹೋಗುತ್ತದೆ.

ಮೊಬೈಲಿಗೊಂದು ಅವಧಿ ಬೇಕಾದರೆ ಸೇರಿಸಿಕೊಳ್ಳಿ. ಸಹಪಾಠಿಯ ಮುಖವನ್ನೇ ವಾಟ್ಸಾಪ್ ಸ್ಟಿಕ್ಕರ್ ಮಾಡಿ ಗುಂಪಿನಲ್ಲಿ ಹಂಚುವುದು ಏಳನೆಯ ತರಗತಿಗೆ ಹೊಸದೇನಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡದೊಂದು ಫೋನ್ ಬರೆದು, ಅದರಲ್ಲಿ ಆಮೆಯ ಸ್ಟಿಕ್ಕರ್ ಹಾಕಿ, ಕೆಳಗೆ ಬರುವ ಉತ್ತರಗಳನ್ನು ಮಕ್ಕಳು ಚೀಟಿಯಲ್ಲಿ ಬರೆದು ಅಂಟಿಸಲಿ. ಹತ್ತು ನಗುಮುಖಗಳು ಸಾಲಾಗಿ ಅಂಟಿಕೊಂಡಾಗ, ಒಂದೊಂದೂ ಒಬ್ಬೊಬ್ಬರ ಕೈಯಿಂದ ಹೋದದ್ದು ಎಂಬುದು ಕಾಗದದ ಮೇಲೆ ಕಾಣುವಷ್ಟು ಪರದೆಯ ಮೇಲೆ ಕಾಣುವುದಿಲ್ಲ.

ನಾನು ಮಾಡಿಸದ ಕೆಲಸಗಳು

ಹಾಳೆಯೊಂದನ್ನು ಮುದುಡಿ, ಮತ್ತೆ ಬಿಡಿಸಿ, “ನೋಡಿ, ಕ್ಷಮೆ ಕೇಳಿದರೂ ಸುಕ್ಕು ಹೋಗುವುದಿಲ್ಲ” ಎಂದು ತೋರಿಸುವ ಚಟುವಟಿಕೆ ಎಲ್ಲೆಡೆ ಜನಪ್ರಿಯ. ಅದನ್ನು ನೋಡುತ್ತ ಕೂತ ನೊಂದ ಮಗುವಿಗೆ ನಾವು ಹೇಳುತ್ತಿರುವುದೇನು? ನೀನು ಇನ್ನು ಸರಿಹೋಗುವುದಿಲ್ಲ ಎಂದೇ ತಾನೆ. ನನಗದು ಒಪ್ಪಿಗೆಯಿಲ್ಲ. ಘೋಷವಾಕ್ಯದ ಭಿತ್ತಿಚಿತ್ರ ಸ್ಪರ್ಧೆಯನ್ನೂ ನಾನು ಇಡುವುದಿಲ್ಲ. ಚೆನ್ನಾಗಿ ಚಿತ್ರ ಬರೆಯುವ ಮೂವರಿಗೆ ಬಹುಮಾನ ಸಿಗುತ್ತದೆ, ಉಳಿದವರು ಮರೆಯುತ್ತಾರೆ, ಒಮ್ಮೊಮ್ಮೆ ಮೊದಲ ಬಹುಮಾನ ತರಗತಿಯ ಮಂಗನಿಗೇ ಬರುತ್ತದೆ.

ಚಿತ್ರ ನೋಡಿ ಮಗುವಿನ ಮನಸ್ಸನ್ನು ಓದುವ ಹುಚ್ಚಿಗೂ ಬೀಳಬಾರದು. ಕಪ್ಪು ಬಣ್ಣ ಹೆಚ್ಚು ಬಳಸಿದ್ದರೆ ದುಃಖ, ಕೈಗಳಿಲ್ಲದ ಮನುಷ್ಯನನ್ನು ಬರೆದರೆ ಅಸಹಾಯಕತೆ ಎಂದೆಲ್ಲ ಹೇಳುವವರಿದ್ದಾರೆ. ಪೆಟ್ಟಿಗೆಯಲ್ಲಿ ಉಳಿದದ್ದು ಕಪ್ಪು ಕ್ರೇಯಾನ್ ಒಂದೇ ಇರಬಹುದು, ಕೈ ಬರೆಯಲು ಬಾರದೆ ಬಿಟ್ಟಿರಬಹುದು. “ಈ ಚಿತ್ರದ ಬಗ್ಗೆ ಹೇಳುತ್ತೀಯಾ?” ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಳ್ಳುವುದು ಶಿಕ್ಷಕರ ಕೆಲಸ. ಅದಕ್ಕೂ ಮುಂದಿನದು ತರಬೇತಾದ ಆಪ್ತಸಮಾಲೋಚಕರದು.

ಮಗು ಹೇಳಿಬಿಟ್ಟಾಗ

ಎಷ್ಟೇ ಪರದೆ ಹಾಕಿದರೂ ಒಂದಲ್ಲ ಒಂದು ದಿನ ಒಂದು ಮಗು “ಸರ್, ಇದು ಆಮೆ ಅಲ್ಲ” ಎನ್ನುತ್ತದೆ. ತರಗತಿಯಲ್ಲಿ ವಿಚಾರಣೆ ಬೇಡ. ಅವಧಿ ಮುಗಿದ ಮೇಲೆ, ಬಾಗಿಲು ತೆರೆದಿರುವ ಕೊಠಡಿಯಲ್ಲಿ, ಅವಸರವಿಲ್ಲದೆ ಕೇಳಿಸಿಕೊಳ್ಳಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು. ಯಾರಿಗೆ, ಏಕೆ ಹೇಳುತ್ತೇನೆ ಎಂಬುದನ್ನು ಮಗುವಿಗೇ ತಿಳಿಸಿ. ಮಗು ಆಡಿದ ಮಾತನ್ನು ನಿಮ್ಮ ಮಾತಿಗೆ ತಿರುಗಿಸದೆ, ದಿನಾಂಕದೊಂದಿಗೆ ಬರೆದಿಟ್ಟು ಮುಖ್ಯಶಿಕ್ಷಕರಿಗೆ ಒಪ್ಪಿಸಿ. ಪೀಡಿಸಿದವನನ್ನೂ ನೊಂದವನನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಸಮಬಲರ ಜಗಳಕ್ಕೆ ಅದು ಸರಿ, ಇಲ್ಲಿ ಇಲಿಯನ್ನು ಮತ್ತೆ ಬೆಕ್ಕಿನ ಮುಂದೆ ತಂದು ನಿಲ್ಲಿಸಿದಂತೆ. ಇಬ್ಬರೊಂದಿಗೂ ಬೇರೆ ಬೇರೆಯಾಗಿ ಮಾತಾಡಿ, ಇಬ್ಬರ ಮನೆಯವರನ್ನೂ ಬೇರೆ ಬೇರೆಯಾಗಿ ಕರೆಸಿ.

ಹೇಳಿದ್ದು ಲೈಂಗಿಕ ದೌರ್ಜನ್ಯದ ಸುಳಿವಾಗಿದ್ದರೆ ಶಾಲೆಯೊಳಗೇ ಮುಗಿಸುವ ಪ್ರಶ್ನೆಯೇ ಇಲ್ಲ. 2012ರ ಪೋಕ್ಸೊ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದೆ. ಆ ಸಂಖ್ಯೆಯನ್ನು ಮಕ್ಕಳೇ ಹಸೆಯ ಅಂಚಿನೊಳಗೆ ಬರೆದು ನಲ್ಲಿಗಳ ಮೇಲಿನ ಗೋಡೆಗೆ ಹಾಕಿದರೆ ದಿನಕ್ಕೊಮ್ಮೆಯಾದರೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ಮೂರು ತಿಂಗಳ ಮೇಲೆ

ಅದೇ ಖಾಲಿ ನಕ್ಷೆಯನ್ನು ಮತ್ತೆ ಹಂಚಿ, ಅದೇ ಎರಡು ಬಣ್ಣ ಕೊಡಿ. ನಮ್ಮಲ್ಲಿ ನಲ್ಲಿಗಳ ಬಳಿಯ ಕೆಂಪು ತೆಳುವಾಗಿತ್ತು. ಆದರೆ ಮೊದಲ ನಕ್ಷೆಯಲ್ಲಿ ಬಹುಪಾಲು ಮಕ್ಕಳು ಬಣ್ಣವನ್ನೇ ಹಚ್ಚದಿದ್ದ ಬಸ್ ನಿಲ್ದಾಣಕ್ಕೆ ಈ ಸಲ ಹನ್ನೊಂದು ಕೆಂಪು ಬಿದ್ದಿದ್ದವು. ಪೀಡನೆ ಶಿಕ್ಷಕರ ಕಣ್ಣು ತಪ್ಪಿಸಿ ಗೇಟಿನಾಚೆ ಸರಿದಿತ್ತೋ, ಮೊದಲಿನಿಂದಲೂ ಅಲ್ಲಿದ್ದು ಮಕ್ಕಳು ಈಗ ಹೇಳುವ ಧೈರ್ಯ ಮಾಡಿದರೋ, ಹಾಳೆಯಿಂದ ತಿಳಿಯುವಂತಿರಲಿಲ್ಲ. ಈಗ ಸಂಜೆ ನಾಲ್ಕೂವರೆಯ ಬಸ್ಸು ಬರುವವರೆಗೆ ನಮ್ಮಲ್ಲೊಬ್ಬರು ಅಲ್ಲಿ ನಿಲ್ಲುತ್ತೇವೆ. ಎರಡೂ ಕಂತಿನ ನಕ್ಷೆಗಳ ಹಿಂದೆ ತರಗತಿ, ದಿನಾಂಕ ಮಾತ್ರ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಮೂರನೆಯದನ್ನು ಬೇಸಿಗೆ ರಜೆಗೆ ಹದಿನೈದು ದಿನ ಮೊದಲು ಮಾಡಿಸಬೇಕು, ಕಂಡದ್ದನ್ನು ಸರಿಪಡಿಸಲು ಅಷ್ಟಾದರೂ ದಿನಗಳು ಉಳಿದಿರಬೇಕು.